ಹಗ್ಗವೋ ಹಾವೋ, ಮೊದಲು ದೀಪ ಹಿಡಿದು ನೋಡು

ಮೈಸೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿನ್ನು,

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಅತ್ತೆ, ಕೆಟ್ಟ ಯೋಚನೆ ಟೈಪ್ ಮಾಡಿದರೆ ಅದನ್ನ ಒಳ್ಳೆ ಮಾತಾಗಿ ತಿರುಗಿಸಿ ಕೊಡೋ ಆ್ಯಪ್ ಇದೆಯಂತೆ, ಹಾಕ್ಕೊಳ್ಳಲಾ?" ಅಂದೆ. ನಾನು "ನೋಡೋಣ" ಅಂದು ಮಾತು ಬದಲಿಸಿದೆ. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಹೈದರಾಬಾದಿನ ಆ ಪುಟ್ಟ ರೂಮಿನಲ್ಲಿ ನೀನು ಒಬ್ಬಳೇ ಕೂತು ಒಂದೇ ಯೋಚನೆಯನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತಿರುವುದು ಕಣ್ಣಿಗೆ ಕಟ್ಟಿತು. ಅದಕ್ಕೇ ಈ ಪತ್ರ.

ಹಾಕಿಕೊ, ತಪ್ಪೇನಿಲ್ಲ. ಆದರೆ ಯಾವುದನ್ನು, ಹೇಗೆ ನೋಡಿ ಹಾಕಿಕೊಳ್ಳಬೇಕು ಅಂತ ನನಗೆ ತಿಳಿದದ್ದು ಹೇಳುತ್ತೇನೆ.

ಈ ವಿದ್ಯೆ ಹೊಸದಲ್ಲ, ಚಿನ್ನು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಅಂತ ಒಬ್ಬ ಮನೋವೈದ್ಯರಿದ್ದರು. 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತು ಕೇಳುತ್ತಾ ಅವರು ಒಂದು ವಿಷಯ ಗಮನಿಸಿದರು. ದುಃಖ ಬರುವ ಮೊದಲೇ ರೋಗಿಯ ಮನಸ್ಸಿನಲ್ಲಿ ಒಂದು ಸಣ್ಣ ಮಾತು ಸರ್ರನೆ ಹಾದುಹೋಗುತ್ತದೆ. 'ನಾನು ಯಾತಕ್ಕೂ ಬಾರದವಳು', 'ಇವರಿಗೆ ನಾನು ಬೇಡ', ಇಂಥವು. ಅಷ್ಟು ಬೇಗ ಹಾದುಹೋಗುವುದರಿಂದ ಅದು ಯೋಚನೆ ಅಂತಲೇ ಅನ್ನಿಸುವುದಿಲ್ಲ, ಸತ್ಯ ಅನ್ನಿಸುತ್ತದೆ. ಆ ಮಾತನ್ನು ಹಿಡಿದು ನಿಲ್ಲಿಸಿ, 'ಇದಕ್ಕೆ ಸಾಕ್ಷಿ ಏನು?' ಅಂತ ಕೇಳುವುದನ್ನು ಅವರು ಕಲಿಸಿದರು. ಈಗಿನ ಆ್ಯಪ್‌ಗಳಲ್ಲಿ ಜಾಸ್ತಿ ಪಾಲು ಬದುಕಿರುವುದು ಈ ಒಂದು ಪ್ರಶ್ನೆಯ ಮೇಲೆ.

ನಿನಗೆ ಇದುವರೆಗೂ ಹೇಳದ ಮಾತೊಂದಿದೆ. ನಿನ್ನ ಮಾವ ತೀರಿಕೊಂಡ ವರ್ಷ ನಾನೂ ಇದನ್ನು ಮಾಡಿದ್ದೇನೆ. ಆಗ ಆ್ಯಪ್ ಇರಲಿಲ್ಲ. ನನ್ನನ್ನು ನೋಡುತ್ತಿದ್ದ ಆಪ್ತಸಮಾಲೋಚಕಿ ಒಂದು ನೋಟ್‌ಬುಕ್ ಕೊಟ್ಟು ಗೆರೆ ಎಳೆಸಿದರು. ಏನಾಯಿತು, ಆಗ ಏನನ್ನಿಸಿತು, ಅದನ್ನು ನೂರಕ್ಕೆ ಎಷ್ಟು ನಂಬುತ್ತೀರಿ, ಅದರ ಪರ ಏನಿದೆ, ವಿರುದ್ಧ ಏನಿದೆ, ಈಗ ನಂಬಿಕೆ ಎಷ್ಟು. ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವಳು. ವೋಚರ್ ಇಲ್ಲದೆ ಒಂದು ರೂಪಾಯಿಯನ್ನೂ ಲೆಡ್ಜರಿಗೆ ಏರಿಸಿದವಳಲ್ಲ. ಆದರೆ 'ನಾನು ಒಂದು ಗಂಟೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ಅವರು ಉಳಿಯುತ್ತಿದ್ದರು' ಅನ್ನುವ ಮಾತನ್ನು ಎಂಟು ತಿಂಗಳು ವೋಚರ್ ಇಲ್ಲದೆಯೇ ನಂಬಿದ್ದೆ. ಬರೆಯುತ್ತಾ ಕೂತಾಗ ಡಾಕ್ಟರು ಅವತ್ತೇ ಹೇಳಿದ್ದು ನೆನಪಾಯಿತು, ಒಂದು ಗಂಟೆಯಿಂದ ಏನೂ ಬದಲಾಗುತ್ತಿರಲಿಲ್ಲ ಅಂತ. ನನ್ನ ನಂಬಿಕೆ ತೊಂಬತ್ತರಿಂದ ನಲವತ್ತಕ್ಕೆ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಆದರೆ ಅವತ್ತು ರಾತ್ರಿ ನಿದ್ದೆ ಬಂತು.

ಆ ನೋಟ್‌ಬುಕ್ಕಿನಲ್ಲಿ ಡಾಕ್ಟರ ಆ ಮಾತನ್ನು ನೆನೆದು ಬರೆದದ್ದು ನಾನೇ. ಆಪ್ತಸಮಾಲೋಚಕಿ ಬರೆದುಕೊಟ್ಟಿದ್ದರೆ ನಾನು ನಂಬುತ್ತಿರಲಿಲ್ಲ. ಹಾಗಾಗಿ ಆ್ಯಪ್‌ನಲ್ಲಿ ನೀನು ಮೊದಲು ನೋಡಬೇಕಾದದ್ದು ಇದು: ಅದು ನಿನ್ನನ್ನು ಕೇಳುತ್ತದೋ, ಇಲ್ಲ ನಿನಗೆ ಸುಮ್ನೆ ಸಿಹಿ ಮಾತು ಕೊಡುತ್ತದೋ? ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇಂಥದ್ದೇ ಒಂದು ಸಾಧನ ಮಾಡಿ, ಮೆಂಟಲ್ ಹೆಲ್ತ್ ಅಮೆರಿಕ ಅನ್ನುವ ಸಂಸ್ಥೆಯ ತಾಣದಲ್ಲಿ ಇಟ್ಟು ನೋಡಿದರು. ಜನ ತಮ್ಮ ಯೋಚನೆ ಬರೆಯಬೇಕು, ಅದು ಎಲ್ಲಿ ಎಡವಿದೆ ಅಂತ ಗುರುತಿಸಬೇಕು. ಕಂಪ್ಯೂಟರ್ ಬೇರೆ ಬೇರೆ ನೋಟ ಸೂಚಿಸುತ್ತದೆ, ಬೇಕಾದದ್ದನ್ನು ಆರಿಸಿ ತಮ್ಮ ಮಾತಿಗೆ ತಕ್ಕಂತೆ ತಿದ್ದಿಕೊಳ್ಳಬೇಕು. 15,531 ಜನ ಬಳಸಿದರು. ನೂರಕ್ಕೆ 67 ಮಂದಿಗೆ ನೋವಿನ ತೀವ್ರತೆ ಇಳಿಯಿತು. ಒಳ್ಳೆಯ ಸಂಖ್ಯೆಯೇ. ಆದರೆ ಉಳಿದ 33 ಮಂದಿಯೂ ಲೆಕ್ಕದಲ್ಲಿದ್ದಾರೆ, ಅಲ್ವಾ? ಹದಿಹರೆಯದವರಿಗೆ ಅಷ್ಟು ಪ್ರಯೋಜನ ಆಗಲಿಲ್ಲ. ಅದೇ ತಂಡ 2023ರಲ್ಲಿ ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಜನರಿಗೆ ಬೇಕಾದದ್ದು 'ಎಲ್ಲಾ ಒಳ್ಳೆಯದಾಗುತ್ತೆ' ಅನ್ನುವ ಮಾತಲ್ಲ. ತಮ್ಮ ನೋವು ಅರ್ಥ ಮಾಡಿಕೊಂಡ ಮಾತು ಬೇಕು, ತಮ್ಮ ವಿಷಯಕ್ಕೇ ನೇರವಾಗಿ ತಾಕುವ ಮಾತು ಬೇಕು.

ನಿನಗೆ ಹೇಳುವ ಮೊದಲು ನಾನೇ ಎರಡು ಆ್ಯಪ್ ಹಾಕಿಕೊಂಡು ಒಂದು ವಾರ ನೋಡಿದೆ. ಬೇಕೆಂದೇ ಒಂದು ನಿಜವಾದ ತೊಂದರೆ ಬರೆದೆ: 'ಮೂರು ತಿಂಗಳಿಂದ ಸಾಲದ ಕಂತು ಕಟ್ಟಿಲ್ಲ, ಬ್ಯಾಂಕಿನವರು ಬರಬಹುದು ಅಂತ ಭಯ.' ಒಂದು ಆ್ಯಪ್, ಇದು ನೀವು ಕಡ್ಡಿಯನ್ನು ಗುಡ್ಡ ಮಾಡಿಕೊಂಡದ್ದು, ಧೈರ್ಯವಾಗಿರಿ ಅಂದಿತು. ನನಗೆ ಸಿಟ್ಟು ಬಂತು. ಕಂತು ತೊಂಬತ್ತು ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆ ಮಾತು ನಂಬಿ ಸುಮ್ಮನೆ ಕೂತವರ ಗತಿ ಏನು? ಎರಡನೆಯದು ಕೇಳಿತು: 'ಬ್ಯಾಂಕಿನವರ ಹತ್ತಿರ ಮಾತಾಡಿದ್ದೀರಾ? ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು?' ನಾನು ಕೌಂಟರಿನಲ್ಲಿದ್ದಾಗ ಸಾಲಗಾರರಿಗೆ ಹೇಳುತ್ತಿದ್ದುದೂ ಇದನ್ನೇ. ಎರಡನೆಯದನ್ನು ಇಟ್ಟುಕೊಂಡೆ, ಮೊದಲನೆಯದನ್ನು ಅಳಿಸಿದೆ. ನೀನೂ ಹೀಗೇ ಒಂದು ನಿಜವಾದ ಕಷ್ಟ ಬರೆದು ನೋಡು.

ಕತ್ತಲಲ್ಲಿ ಹಗ್ಗ ನೋಡಿ ಹಾವು ಅಂತ ಬೆಚ್ಚುವುದು ಉಂಟು. ಅದಕ್ಕೆ ಈ ಆ್ಯಪ್‌ಗಳು ಬೇಕಾದಷ್ಟು ದೀಪ ಹಿಡಿಯುತ್ತವೆ. ಆದರೆ ಕೆಲವು ಸಲ ಅದು ಹಾವೇ ಆಗಿರುತ್ತದೆ. ಅವತ್ತು ನೀನು ಎರಡು ವಿಷಯ ಹೇಳಿದೆ. 'ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನ ಕೆಲಸ ನೋಡಿ ಏನೂ ಮಾತಾಡಲಿಲ್ಲ, ನನ್ನನ್ನು ತೆಗೆದುಹಾಕುತ್ತಾರೆ.' ಇದು ನನಗೆ ಹಗ್ಗದ ಹಾಗೆ ಕಾಣುತ್ತದೆ. ಮಾತಾಡದೇ ಇರುವುದಕ್ಕೆ ನೂರು ಕಾರಣ ಇರಬಹುದು, ಬರೆದು ನೋಡು. ಇನ್ನೊಂದು, ರಾತ್ರಿ ಹನ್ನೊಂದರವರೆಗೆ ದಿನವೂ ಕೂರಿಸುವುದು, ನೀನು ಮಾಡಿದ ಕೆಲಸವನ್ನು ಬೇರೆಯವರು ತಮ್ಮ ಹೆಸರಿನಲ್ಲಿ ತೋರಿಸುವುದು. ಅದನ್ನು ಯಾವ ಆ್ಯಪ್‌ಗೂ ತಿರುಗಿಸಲು ಕೊಡಬೇಡ, ಮಗಳೇ. ಅಲ್ಲಿ ತಪ್ಪಿರುವುದು ನಿನ್ನ ಯೋಚನೆಯಲ್ಲಲ್ಲ. ತಾರೀಖು ಹಾಕಿ ಬರೆದಿಟ್ಟುಕೊ, ಮೇಲ್‌ಗಳನ್ನು ಅಳಿಸಬೇಡ.

ಇನ್ನೊಂದು, ಕನ್ನಡದಲ್ಲೇ ಬರೆ. ನಿನ್ನ ಒಳಗೆ ಓಡುವ ಮಾತು ಇಂಗ್ಲಿಷಿನದಲ್ಲ. 'ನನ್ನ ಕೈಲಿ ಏನೂ ಆಗಲ್ಲ', 'ನಾಲ್ಕು ಜನ ಏನಂತಾರೆ', 'ಥೂ, ದಂಡ ನಾನು', ಇವು ತಾನೇ? ಇಂಗ್ಲಿಷಿಗೆ ತಿರುಗಿಸುವಾಗಲೇ ಅರ್ಧ ನೋವು ಆಚೆ ಉಳಿದುಬಿಡುತ್ತದೆ, ಆಮೇಲೆ ಸಿಗುವ ಸಮಾಧಾನವೂ ಅರ್ಧವೇ. 'ನಾಲ್ಕು ಜನ' ಅಂದೆಯಲ್ಲ, ಆ ನಾಲ್ವರ ಹೆಸರು ಬರೆ ನೋಡೋಣ. ನಾನು ಬರೆದಾಗ ಇಬ್ಬರೇ ಸಿಕ್ಕಿದರು. ಆ್ಯಪ್‌ಗೆ ಕನ್ನಡ ಬಾರದಿದ್ದರೆ ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಅದಕ್ಕೆ ಕೊಡು.

ಕಾಗದ ಅಂದದ್ದಕ್ಕೆ ಬೇರೆ ಕಾರಣವೂ ಇದೆ. ವೋಬಾಟ್ ಅಂತ 2017ರಲ್ಲಿ ಬಂದ ಹೆಸರುವಾಸಿ ಚಾಟ್‌ಬಾಟ್ ಇತ್ತು, 2025ರ ಜೂನ್ ಕೊನೆಗೆ ಆ ಆ್ಯಪ್ ನಿಂತೇಹೋಯಿತು. ಬೆಟರ್‌ಹೆಲ್ಪ್ ಅನ್ನುವ ಆನ್‌ಲೈನ್ ಆಪ್ತಸಮಾಲೋಚನೆಯ ಕಂಪನಿ, ಗ್ರಾಹಕರ ವಿವರಗಳನ್ನು ಜಾಹೀರಾತಿಗಾಗಿ ಫೇಸ್‌ಬುಕ್‌ನಂಥವರಿಗೆ ಕೊಟ್ಟಿತೆಂಬ ಆರೋಪದ ಮೇಲೆ 2023ರಲ್ಲಿ ಅಮೆರಿಕ ಸರ್ಕಾರದ ಜೊತೆ 78 ಲಕ್ಷ ಡಾಲರ್ ಕಟ್ಟುವ ಒಪ್ಪಂದಕ್ಕೆ ಬರಬೇಕಾಯಿತು. ಹಾಗಾಗಿ ಹೆಸರು, ಕಂಪನಿ, ಊರು ಯಾವುದನ್ನೂ ಬರೆಯಬೇಡ. ಬರೆದದ್ದನ್ನು ಅಳಿಸುವ ದಾರಿ ಇದೆಯೋ ನೋಡು. ಆಫೀಸಿನ ಲ್ಯಾಪ್‌ಟಾಪಿನಲ್ಲಂತೂ ಬೇಡವೇ ಬೇಡ.

ಈಗ ಹೇಳುವುದನ್ನು ಮಾತ್ರ ತಪ್ಪದೆ ನಡೆಸಿಕೊಡು. ಎರಡು ವಾರ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಆ್ಯಪ್ ಮುಚ್ಚಿಟ್ಟು ಡಾಕ್ಟರ ಹತ್ತಿರ ಹೋಗು. 'ನಾನು ಇರಲೇಬಾರದು' ಅನ್ನುವ ಮಾತು ಒಮ್ಮೆ ಸುಳಿದರೂ ಎರಡು ವಾರ ಕಾಯಬೇಡ. ಆ ಕ್ಷಣವೇ ನನಗೆ ಫೋನ್ ಮಾಡು, ರಾತ್ರಿ ಮೂರಾದರೂ ಸರಿ. ನಾನು ಎತ್ತದಿದ್ದರೆ 14416. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸಹಾಯವಾಣಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಈ ಪತ್ರ ಪೂರ್ತಿ ಓದುವ ಮೊದಲೇ ಆ ನಂಬರ್ ಸೇವ್ ಮಾಡಿಕೊ.

ನಿನ್ನ ಅಮ್ಮನ ಕೈಲಿ ಒಂದು ದಪ್ಪ ನೋಟ್‌ಬುಕ್ ಕಳಿಸಿದ್ದೇನೆ, ಚಟ್ನಿಪುಡಿಯ ಡಬ್ಬಿಯ ಕೆಳಗಿದೆ. ಮೊದಲ ಪುಟಕ್ಕೆ ಗೆರೆ ನಾನೇ ಎಳೆದಿದ್ದೇನೆ. ಆ ಮೀಟಿಂಗಿನ ವಿಷಯ ಅದರಲ್ಲಿ ಬರೆ. ಶನಿವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ, ನಿನಗೆ ಇಷ್ಟವಿದ್ದಷ್ಟು ಓದಿ ಹೇಳು.

ನಿನ್ನ ಅತ್ತೆ