ಟಾಮ್ ಆಸ್ಬರ್ನ್ ಅವರಿಗೆ, ಲಿಂಕನ್ ನಗರದ ಒಬ್ಬ ಕನ್ನಡಿಗನ ಕೃತಜ್ಞತೆ

ಈ ಮೇ ತಿಂಗಳಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದಲ್ಲಿ ಒಬ್ಬ ಹುಡುಗ ಹೈಸ್ಕೂಲು ಮುಗಿಸಿದ. ಅವನು ಆರನೆಯ ತರಗತಿಯಲ್ಲಿದ್ದಾಗಿನಿಂದ ವಾರಕ್ಕೊಮ್ಮೆ ಅವನ ಶಾಲೆಗೆ ಹೋಗಿ, ಒಂದಿಷ್ಟು ಹೊತ್ತು ಅವನ ಜೊತೆ ಕೂತು ಬರುವ ಹೊಣೆ ನನ್ನದಾಗಿತ್ತು. ಇದನ್ನು ಏರ್ಪಡಿಸುವ ಸಂಸ್ಥೆಯ ಹೆಸರು ಟೀಮ್‌ಮೇಟ್ಸ್. ನನ್ನಂಥವರನ್ನು ಇಲ್ಲಿ ಮೆಂಟರ್ ಎನ್ನುತ್ತಾರೆ. ಹುಡುಗ ಓದಿದ್ದು ಅವನ ಶ್ರಮದಿಂದ, ಅವನ ಅಜ್ಜಿಯ ಹಟದಿಂದ. ಆದರೂ ದಾವಣಗೆರೆಯಿಂದ ಬಂದ ನನಗೆ ಈ ಊರಿನ ಒಂದು ಶಾಲೆಯೊಳಗೆ, ಒಂದು ಮನೆತನದ ನಂಬಿಕೆಯೊಳಗೆ ದಾರಿ ಮಾಡಿಕೊಟ್ಟವರಿಗೆ ಬಹಿರಂಗವಾಗಿ ಧನ್ಯವಾದ ಹೇಳುವ ಸಮಯ ಇದು ಎನಿಸಿದ್ದರಿಂದ ಈ ಬರಹ. ಅವರಲ್ಲಿ ಮೊದಲನೆಯವರು ಈ ಸಂಸ್ಥೆಯನ್ನು ಪತ್ನಿ ನ್ಯಾನ್ಸಿ ಅವರೊಡನೆ ಹುಟ್ಟುಹಾಕಿದ ಟಾಮ್ ಆಸ್ಬರ್ನ್. ಅವರನ್ನು ನಾನು ಮುಖತಃ ಭೇಟಿಯಾಗಿಲ್ಲ. ಆದರೆ ಈ ಊರಿನಲ್ಲಿ ಬದುಕುತ್ತ ಅವರ ಕೆಲಸದ ಫಲವನ್ನು ಮುಟ್ಟದೆ ಇರುವುದು ಯಾರಿಗೂ ಸಾಧ್ಯವಿಲ್ಲ.

ಕರ್ನಾಟಕದಲ್ಲಿರುವ ಓದುಗರಿಗೆ ಇವರ ಪರಿಚಯ ಹೇಳಬೇಕು. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮೂರಿನ ಕಾಲ್ಚೆಂಡಲ್ಲ, ಹೆಲ್ಮೆಟ್ ಧರಿಸಿ ಮೊನಚು ತುದಿಯ ಚೆಂಡನ್ನು ಹೊತ್ತು ಓಡುವ ಅಮೆರಿಕನ್ ಆಟ. ನೆಬ್ರಾಸ್ಕಾದಲ್ಲಿ ಆ ಆಟದ ವೃತ್ತಿಪರ ತಂಡವಿಲ್ಲ. ಹಾಗಾಗಿ ಇಡೀ ರಾಜ್ಯದ ಅಭಿಮಾನವೆಲ್ಲ ವಿಶ್ವವಿದ್ಯಾಲಯದ ಹುಡುಗರ ತಂಡದ ಮೇಲೆ ಬಂದು ಬೀಳುತ್ತದೆ. ತವರಿನ ಪಂದ್ಯಗಳ ಟಿಕೆಟ್ಟುಗಳು 1962ರ ನವೆಂಬರಿನಿಂದ ಪ್ರತಿ ಸಲವೂ ಪೂರ್ತಿ ಮಾರಾಟವಾಗಿವೆ ಎಂಬ ಲೆಕ್ಕವನ್ನು ವಿಶ್ವವಿದ್ಯಾಲಯ ಹೆಮ್ಮೆಯಿಂದ ಕಾಯ್ದುಕೊಂಡಿದೆ. ಪಂದ್ಯವಿರುವ ಶನಿವಾರ ಮೆಮೋರಿಯಲ್ ಕ್ರೀಡಾಂಗಣವೇ ಜನಸಂಖ್ಯೆಯಲ್ಲಿ ರಾಜ್ಯದ ಮೂರನೆಯ ದೊಡ್ಡ ನಗರ ಎಂದು ಇಲ್ಲಿನವರು ಹೇಳುವುದು ಉತ್ಪ್ರೇಕ್ಷೆಯಲ್ಲ. ಇಂಥ ಕಡೆ ತಂಡದ ಕೋಚ್ ಆಗಿರುವುದೆಂದರೆ ರಾಜ್ಯಪಾಲರಿಗಿಂತ ಹೆಚ್ಚು ಜನರ ಕಣ್ಣಿಗೆ ಬಿದ್ದು, ಅವರಿಗಿಂತ ಹೆಚ್ಚು ಬೈಗುಳ ತಿನ್ನುವುದು ಎಂದರ್ಥ.

ಆಸ್ಬರ್ನ್ ಹುಟ್ಟಿದ್ದು 1937ರಲ್ಲಿ, ಇದೇ ರಾಜ್ಯದ ಹೇಸ್ಟಿಂಗ್ಸ್ ಎಂಬ ಊರಿನಲ್ಲಿ. ಊರಿನ ಕಾಲೇಜಿನಲ್ಲೇ ಓದಿ ಆಡಿದರು, ಕೆಲಕಾಲ ವೃತ್ತಿಪರ ತಂಡಗಳಲ್ಲಿಯೂ ಆಡಿದರು. ಆಮೇಲೆ ಲಿಂಕನ್ನಿಗೆ ಬಂದು ಆಗಿನ ಮುಖ್ಯ ಕೋಚ್ ಬಾಬ್ ಡೆವೇನಿ ಅವರ ಕೈಕೆಳಗೆ ಸಹಾಯಕರಾಗಿ ಕೆಲಸ ಮಾಡುತ್ತಲೇ ಶೈಕ್ಷಣಿಕ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಕೋಚ್ ಒಬ್ಬರು ಈ ವಿಷಯದಲ್ಲಿ ಸಂಶೋಧನೆ ಮಾಡಿದ್ದರೆಂಬುದು ನನಗೆ ಅವರ ಗೆಲುವುಗಳ ಪಟ್ಟಿಗಿಂತ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಮುಂದೆ ಅವರು ಮಾಡಿದ್ದೆಲ್ಲವೂ ಒಬ್ಬ ಮೇಷ್ಟರ ಕೆಲಸವಾಗಿಯೇ ಕಾಣುತ್ತದೆ. 1973ರಲ್ಲಿ ಮುಖ್ಯ ಕೋಚ್ ಆದ ಮೇಲೆ 25 ಋತುಗಳಲ್ಲಿ ಅವರ ತಂಡ 255 ಪಂದ್ಯ ಗೆದ್ದಿತು, 49 ಸೋತಿತು, 3 ಸಮವಾದವು. ಯಾವ ಋತುವಿನಲ್ಲೂ ಗೆಲುವು ಒಂಬತ್ತಕ್ಕಿಂತ ಕೆಳಗಿಳಿಯಲಿಲ್ಲ. ಇಷ್ಟಾದರೂ ಮೊದಲ ಐದು ವರ್ಷ ಹಳೆಯ ಪ್ರತಿಸ್ಪರ್ಧಿ ಒಕ್ಲಹೋಮದ ಎದುರು ಒಂದನ್ನೂ ಗೆಲ್ಲಲಾಗಲಿಲ್ಲ ಎಂಬ ಕಾರಣಕ್ಕೆ, ದೊಡ್ಡ ಪಂದ್ಯ ಗೆಲ್ಲಲು ಬಾರದವರು ಎಂಬ ಮಾತು ಅವರ ಬೆನ್ನಿಗೆ ಬಹುಕಾಲ ಅಂಟಿಕೊಂಡಿತ್ತು.

ಆ ಮಾತಿಗೆ ಅವರು ಕೊಟ್ಟ ಉತ್ತರವನ್ನು ನನಗೆ ಕಲಿಸಿದ್ದು ಇದೇ ಹುಡುಗ. ಶಾಲೆಯ ಗ್ರಂಥಾಲಯದ ಮೂಲೆಯ ಮೇಜಿನ ಮೇಲೆ ಚೆಕರ್ಸ್ ಆಟದ ಕೆಂಪು ಮತ್ತು ಕಪ್ಪು ಬಿಲ್ಲೆಗಳನ್ನು ಸಾಲಾಗಿ ಜೋಡಿಸಿ, ನಿಯಮವೇ ತಿಳಿಯದ ನನಗೆ ಅವನು ಪಾಠ ಹೇಳಿದ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಆರು ಅಂಕ. ಆಮೇಲೆ ಒದ್ದು ಕಂಬಗಳ ನಡುವೆ ಕಳುಹಿಸಿದರೆ ಇನ್ನೊಂದು, ಅದರ ಬದಲು ಮತ್ತೊಮ್ಮೆ ಗೆರೆ ದಾಟಿಸುವ ಸಾಹಸ ಮಾಡಿದರೆ ಎರಡು. 1984ರ ಜನವರಿ 2ರಂದು ಮಯಾಮಿಯ ಆರೆಂಜ್ ಬೌಲ್ ಪಂದ್ಯದಲ್ಲಿ, ಆ ಋತುವಿನಲ್ಲಿ ಅದುವರೆಗೆ ಸೋಲೇ ಕಾಣದಿದ್ದ ನೆಬ್ರಾಸ್ಕಾ ಮಯಾಮಿಯ ಎದುರು 31–17ರಷ್ಟು ಹಿಂದೆ ಬಿದ್ದು, ಕೊನೆಯ ಕಾಲು ಭಾಗದಲ್ಲಿ ಏರಿ ಬಂದು, ಇನ್ನೊಂದು ನಿಮಿಷವೂ ಉಳಿದಿಲ್ಲದಾಗ 31–30ಕ್ಕೆ ತಲುಪಿತು. ಆಗ ಕಾಲೇಜು ಪಂದ್ಯಗಳಲ್ಲಿ ಹೆಚ್ಚುವರಿ ಅವಧಿ ಇರಲಿಲ್ಲ. ಒದ್ದು ಒಂದಂಕ ಪಡೆದರೆ ಪಂದ್ಯ ಸಮ, ಮತ್ತು ರಾಷ್ಟ್ರೀಯ ಪ್ರಶಸ್ತಿ ಹೆಚ್ಚುಕಡಿಮೆ ಕೈಯಲ್ಲಿ. ಆಸ್ಬರ್ನ್ ಎರಡಕ್ಕೆ ಹೋದರು. ಟರ್ನರ್ ಗಿಲ್ ಎಸೆದ ಚೆಂಡಿಗೆ ಮಯಾಮಿಯ ಆಟಗಾರನ ಬೆರಳು ತಾಗಿತು, ಪ್ರಶಸ್ತಿ ಹೋಯಿತು. ಕಪ್ಪು ಬಿಲ್ಲೆಯೊಂದನ್ನು ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳಿ ಹುಡುಗ ಹೇಳಿದ ತೀರ್ಪು ಇಷ್ಟೇ: ಸಮ ಮಾಡಿಕೊಂಡು ಚಾಂಪಿಯನ್ ಅನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಅವನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ನಡೆದ ಸೋಲನ್ನು ನಿನ್ನೆಯದೆಂಬಂತೆ ಹೇಳುತ್ತಿದ್ದ. ಗೆದ್ದ ಪಂದ್ಯಗಳ ಬಗ್ಗೆ ಅವನು ಇಷ್ಟು ವಿವರವಾಗಿ ಎಂದೂ ಮಾತಾಡಲಿಲ್ಲ.

ಪ್ರಶಸ್ತಿಗಳು ಬಂದವು, ತಡವಾಗಿ: 1994, 1995, 1997. ಮೂರನೆಯದನ್ನು ಮಿಷಿಗನ್ ಜೊತೆ ಹಂಚಿಕೊಂಡು ಅವರು ಕೋಚ್ ಹುದ್ದೆ ಬಿಟ್ಟರು. ಈ ಏಳಿಗೆಯ ನಡುವೆ ನಾನು ಒಪ್ಪಲಾರದ ಒಂದು ನಿರ್ಧಾರವಿದೆ, ಕೃತಜ್ಞತೆಯ ಬರಹವೆಂದು ಅದನ್ನು ಮುಚ್ಚಿಡುವುದು ಸರಿಯಲ್ಲ. 1995ರಲ್ಲಿ ಹಿಂದಿನ ಗೆಳತಿಯ ಮೇಲೆ ಹಲ್ಲೆ ಮಾಡಿ ಬಂಧನಕ್ಕೊಳಗಾದ ಲಾರೆನ್ಸ್ ಫಿಲಿಪ್ಸ್ ಎಂಬ ಆಟಗಾರನನ್ನು ಅವರು ಆರು ಪಂದ್ಯಗಳಿಂದ ಹೊರಗಿಟ್ಟು, ಅದೇ ಋತುವಿನಲ್ಲಿ ಮತ್ತೆ ಸೇರಿಸಿಕೊಂಡರು. ತಂಡದ ಶಿಸ್ತೊಂದೇ ಆ ಹುಡುಗನನ್ನು ಹಿಡಿದಿಡಬಲ್ಲದು ಎಂಬುದು ಅವರ ವಾದವಾಗಿತ್ತು. ಅನಾಥನಂತೆ ಬೆಳೆದವನ ಬಗ್ಗೆ ಅವರಿಗಿದ್ದ ಕಳಕಳಿ ನಿಜವೆಂದೇ ನಾನು ನಂಬುತ್ತೇನೆ. ಆದರೆ ಏಟು ತಿಂದವಳ ಕಡೆಯಿಂದ ನೋಡಿದರೆ ಆ ತೀರ್ಮಾನ ಸರಿಯೆನ್ನಲು ನನಗೆ ಬಾಯಿ ಬರುವುದಿಲ್ಲ.

ಟೀಮ್‌ಮೇಟ್ಸ್ ಶುರುವಾದದ್ದು 1991ರಲ್ಲಿ, ಅಂದರೆ ಇನ್ನೂ ಒಂದು ಪ್ರಶಸ್ತಿಯೂ ಬಾರದೆ ಟೀಕೆಗಳು ಜೋರಾಗಿದ್ದ ಹೊತ್ತಿನಲ್ಲಿ. ಲಿಂಕನ್ನಿನ ಮಾಧ್ಯಮಿಕ ಶಾಲೆಗಳ ಮಕ್ಕಳ ಜೊತೆ ವಾರಕ್ಕೊಮ್ಮೆ ಕಾಲ ಕಳೆಯಲು ಯಾರು ಸಿದ್ಧ ಎಂದು ಆಸ್ಬರ್ನ್ ತಮ್ಮ ಆಟಗಾರರನ್ನು ಕೇಳಿದರು. 22 ಮಂದಿ ಮುಂದೆ ಬಂದರು. ಆ 22 ಮಕ್ಕಳಲ್ಲಿ 21 ಮಂದಿ ಹೈಸ್ಕೂಲು ಮುಗಿಸಿದರೆಂದು ಸಂಸ್ಥೆ ದಾಖಲಿಸಿದೆ. ಈಗ ನೆಬ್ರಾಸ್ಕಾದ ಜೊತೆಗೆ ಅಯೋವಾದಂಥ ನೆರೆಯ ರಾಜ್ಯಗಳಿಗೂ ಅದು ಹಬ್ಬಿದೆ, ಮೆಂಟರುಗಳಲ್ಲಿ ಆಟಗಾರರಿಗಿಂತ ನನ್ನಂಥ ಸಾಮಾನ್ಯರೇ ಹೆಚ್ಚು. ಏರ್ಪಾಡು ಸರಳವಾಗಿದೆ. ಅರ್ಜಿ ಹಾಕಬೇಕು, ಹಿನ್ನೆಲೆಯ ತಪಾಸಣೆಗೆ ಒಪ್ಪಬೇಕು, ತರಬೇತಿ ಪಡೆಯಬೇಕು. ಭೇಟಿ ಶಾಲೆಯ ಆವರಣದಲ್ಲೇ ನಡೆಯಬೇಕು. ಮೆಂಟರ್ ಟ್ಯೂಷನ್ ಮೇಷ್ಟರಲ್ಲ, ಅಂಕ ಕೇಳುವವನೂ ಅಲ್ಲ. ಬರುತ್ತೇನೆಂದ ದಿನ ಬರಬೇಕು, ಅಷ್ಟೇ. ಮಕ್ಕಳ ಅಂಕಪಟ್ಟಿಯನ್ನೇ ನೋಡುತ್ತ ಬೆಳೆದ ನಮ್ಮ ಕಡೆಯವರಿಗೆ ಇದು ಸುಲಭವಾಗಿ ಒಗ್ಗುವುದಿಲ್ಲ.

ಕೋಚ್ ಹುದ್ದೆ ಬಿಟ್ಟ ಮೇಲೆ ಆಸ್ಬರ್ನ್ ರಾಜಕೀಯಕ್ಕೆ ಹೋದರು. 2001ರಿಂದ 2007ರವರೆಗೆ ರಾಜ್ಯದ ಪಶ್ಚಿಮದ ವಿಶಾಲ ಕ್ಷೇತ್ರದಿಂದ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿದ್ದರು. 2006ರಲ್ಲಿ, ಇಲ್ಲಿ ಜನರೇ ಆರಿಸುವ ರಾಜ್ಯಪಾಲ ಹುದ್ದೆಗೆ ಅಭ್ಯರ್ಥಿಯಾಗಲು ಸ್ವಪಕ್ಷದೊಳಗೆ ನಡೆದ ಪ್ರಾಥಮಿಕ ಚುನಾವಣೆಯಲ್ಲಿ ಡೇವ್ ಹೈನ್‌ಮನ್ ಎದುರು ಸೋತರು. ದೇವರಂತೆ ಕಾಣುವ ಕೋಚನ್ನೂ ಇಲ್ಲಿಯ ಮತದಾರರು ಸೋಲಿಸಬಲ್ಲರು ಎಂಬುದು ನನಗೆ ಒಳ್ಳೆಯ ಸುದ್ದಿಯಾಗಿಯೇ ಕಂಡಿತು.

ನಾನು ಹೆಚ್ಚು ಹೇಳಬೇಕೆಂದಿರುವುದು ಆಮೇಲಿನ ಐದು ವರ್ಷಗಳ ಬಗ್ಗೆ. ಆಸ್ಬರ್ನ್ ತಾವೇ ಆರಿಸಿದ್ದ ಉತ್ತರಾಧಿಕಾರಿ ಫ್ರಾಂಕ್ ಸಾಲಿಚ್ ಅವರನ್ನು 2003ರಲ್ಲಿ, ಒಂಬತ್ತು ಗೆಲುವುಗಳ ಋತುವಿನ ಕೊನೆಯಲ್ಲಿ, ಕ್ರೀಡಾ ವಿಭಾಗ ಹೊರಹಾಕಿತ್ತು. ಹೊಸ ಹಾದಿ ಫಲ ಕೊಡಲಿಲ್ಲ. 2007ರ ಹೊತ್ತಿಗೆ ತಂಡ ಸೋಲುತ್ತಿತ್ತು, ಹಳೆಯ ಆಟಗಾರರು ದೂರ ಸರಿದಿದ್ದರು, ವಿಭಾಗದೊಳಗೆ ಪರಸ್ಪರ ನಂಬಿಕೆ ಉಳಿದಿರಲಿಲ್ಲ. ಆ ಅಕ್ಟೋಬರಿನಲ್ಲಿ ಕ್ರೀಡಾ ನಿರ್ದೇಶಕರನ್ನು ತೆಗೆದ ವಿಶ್ವವಿದ್ಯಾಲಯ 70 ವರ್ಷದ ಆಸ್ಬರ್ನ್ ಅವರನ್ನು ಕರೆಯಿತು. ಹಂಗಾಮಿಯಾಗಿ ಬಂದವರು 2013ರ ಜನವರಿಯವರೆಗೆ ಇದ್ದರು.

ಕ್ರೀಡಾ ನಿರ್ದೇಶಕರ ಕೆಲಸ ಮೈದಾನದ್ದಲ್ಲ. ಫುಟ್‌ಬಾಲಿನಿಂದ ಹಿಡಿದು ವಾಲಿಬಾಲ್, ಕುಸ್ತಿ, ಜಿಮ್ನಾಸ್ಟಿಕ್ಸ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ತಂಡಗಳ ಆಯವ್ಯಯ, ಕೋಚುಗಳ ನೇಮಕ, ದಾನಿಗಳ ಮನವೊಲಿಕೆ, ಟಿ.ವಿ. ಒಪ್ಪಂದ, ಕಟ್ಟಡ. ಗೆದ್ದ ಕೋಚನ್ನು ಈ ಕುರ್ಚಿಯಲ್ಲಿ ಕೂರಿಸಿದರೆ ಅವರು ಕಚೇರಿಯ ಕಿಟಕಿಯಿಂದಲೇ ಆಟ ಆಡಿಸಲು ಹೊರಡುವ ಅಪಾಯವಿರುತ್ತದೆ. ಆಸ್ಬರ್ನ್ ಮತ್ತೆ ಸೀಟಿ ಹಿಡಿಯಲಿಲ್ಲ. ಆ ಋತು ಮುಗಿದೊಡನೆ ಮುಖ್ಯ ಕೋಚ್ ಬಿಲ್ ಕ್ಯಾಲಹನ್ ಅವರನ್ನು ಬಿಡುಗಡೆ ಮಾಡಿ, ಹಿಂದೆ ಇಲ್ಲಿಯೇ ದುಡಿದಿದ್ದ ಬೋ ಪೆಲೀನಿ ಅವರನ್ನು ನೇಮಿಸಿದರು. ತಂಡ ವರ್ಷಕ್ಕೆ ಒಂಬತ್ತು, ಹತ್ತು ಪಂದ್ಯ ಗೆಲ್ಲುವ ಸ್ಥಿತಿಗೆ ಮರಳಿತು.

ದೊಡ್ಡ ನಿರ್ಧಾರ 2010ರ ಜೂನ್‌ನಲ್ಲಿ ಬಂತು. ಇಲ್ಲಿ ವಿಶ್ವವಿದ್ಯಾಲಯಗಳು ಒಕ್ಕೂಟಗಳಾಗಿ ಸೇರಿ ತಮ್ಮೊಳಗೆ ಆಡುತ್ತವೆ. ಆಗ ನೆಬ್ರಾಸ್ಕಾ ಇದ್ದ ಬಿಗ್ 12 ಒಕ್ಕೂಟ ಒಡೆಯುವ ಹಂತದಲ್ಲಿತ್ತು. ಟಿ.ವಿ. ಹಣದ ಹಂಚಿಕೆ ಸಮನಾಗಿರಲಿಲ್ಲ, ಟೆಕ್ಸಾಸ್ ವಿಶ್ವವಿದ್ಯಾಲಯದ ಮಾತೇ ನಡೆಯುತ್ತಿತ್ತು, ಕೊಲೊರಾಡೊ ಹೊರಡುವುದಾಗಿ ಘೋಷಿಸಿತ್ತು. ಕುಲಪತಿ ಹಾರ್ವಿ ಪರ್ಲ್‌ಮನ್ ಅವರೊಡನೆ ಆಸ್ಬರ್ನ್ ಬಿಗ್ ಟೆನ್ ಒಕ್ಕೂಟಕ್ಕೆ ಸೇರುವ ಮಾತುಕತೆ ಮುಗಿಸಿದರು. ಜೂನ್ 11ರಂದು ಒಪ್ಪಿಗೆಯಾಯಿತು, 2011ರ ಜುಲೈಯಲ್ಲಿ ಸದಸ್ಯತ್ವ ಜಾರಿಗೆ ಬಂತು. ಇದರ ಬೆಲೆಯಾಗಿ ಒಕ್ಲಹೋಮದೊಂದಿಗಿನ, ಅವರ ಬದುಕಿನ ಅರ್ಧ ಭಾಗವನ್ನೇ ಆವರಿಸಿದ್ದ ಪೈಪೋಟಿ ಕೈಬಿಟ್ಟುಹೋಯಿತು. ಫುಟ್‌ಬಾಲಿನಲ್ಲಿ ಹೊಸ ಒಕ್ಕೂಟದ ಪ್ರಶಸ್ತಿ ಇನ್ನೂ ಬಂದಿಲ್ಲ. 2012ರ ಅಂತಿಮ ಪಂದ್ಯದಲ್ಲಿ ವಿಸ್ಕಾನ್ಸಿನ್ 70–31ರಿಂದ ಬಡಿದು ಕಳುಹಿಸಿತು. ಹಳೆಯ ಅಭಿಮಾನಿಗಳು ಇವತ್ತಿಗೂ ಕಾಫಿ ಅಂಗಡಿಗಳಲ್ಲಿ ಈ ಸ್ಥಳಾಂತರವನ್ನು ಶಪಿಸುವುದುಂಟು. ನನ್ನ ಮಟ್ಟಿಗೆ ಅದು ಸರಿಯಾದ ನಡೆ: ಆದಾಯ ಸಮನಾಗಿ ಹಂಚುವ, ಸಂಶೋಧನಾ ವಿಶ್ವವಿದ್ಯಾಲಯಗಳ ಕೂಟವೊಂದು ಬಾಗಿಲು ತೆರೆದಾಗ, ಜನಸಂಖ್ಯೆ ಕಡಿಮೆಯಿರುವ ರಾಜ್ಯ ಹಳೆಯ ವೈರದ ಮಮತೆಗಾಗಿ ಹಿಂದೆ ಉಳಿಯಬಾರದಿತ್ತು.

ಹುಡುಗ ಪ್ರಮಾಣಪತ್ರ ಪಡೆದ ಸಭಾಂಗಣಕ್ಕೂ ಆ ವರ್ಷಗಳಿಗೂ ನಂಟಿದೆ. ಡೌನ್‌ಟೌನ್‌ನಲ್ಲಿ ಹೊಸ ಅರೀನಾ ಕಟ್ಟಲು 2010ರ ಮೇ ತಿಂಗಳಲ್ಲಿ ಲಿಂಕನ್ ಮತದಾರರು ಒಪ್ಪಿಗೆ ಕೊಟ್ಟರು, ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಗಳು ಅಲ್ಲಿಗೆ ಬರುವುದೆಂದಾಯಿತು, ಆಸ್ಬರ್ನ್ ನಿವೃತ್ತರಾದ ವರ್ಷವೇ ಅದು ತೆರೆಯಿತು. ಸಾವಿರಾರು ಜನರ ನಡುವೆ ಅಜ್ಜಿ ನನ್ನ ಪಕ್ಕದಲ್ಲಿ ಕೂತಿದ್ದರು. ಮೊಮ್ಮಗನ ಹೆಸರು ಕೂಗಿದಾಗ ಅವರು ಎದ್ದು ನಿಲ್ಲಲು ನನ್ನ ತೋಳು ಹಿಡಿದುಕೊಂಡರು, ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಆ ಅಜ್ಜಿಗೆ ನನ್ನ ನಮಸ್ಕಾರಗಳು. ಪರಿಚಯವಿಲ್ಲದ, ಉಚ್ಚಾರವೂ ಬೇರೆಯಾದ ಒಬ್ಬ ಪರದೇಶಿಯನ್ನು ಮೊಮ್ಮಗನ ಬಳಿ ಬಿಡಲು ಅವರು ಒಪ್ಪಿದ್ದೇ ದೊಡ್ಡದು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ ಭೇಟಿಗಳು ಕಂಪ್ಯೂಟರ್ ತೆರೆಗೆ ಸರಿದಾಗ, ಹುಡುಗ ಮಾತೇ ಆಡದೆ ಕೂತಿರುತ್ತಿದ್ದ ದಿನಗಳಲ್ಲಿ, ತೆರೆಯ ಅಂಚಿನಿಂದ ಕೇಳುತ್ತಿದ್ದ ಅವರ ಗದರಿಕೆಯೇ ನಮ್ಮಿಬ್ಬರನ್ನೂ ಕಾಪಾಡಿತು. ಶಾಲೆ ಮತ್ತೆ ತೆರೆದ ಮೇಲೆ ನಾನು ರಟ್ಟಿನ ಮೇಲೆ ಚೌಕಾಬಾರದ ಮನೆ ಬರೆದು, ಒಂದು ಬದಿ ಉಜ್ಜಿದ ಹುಣಸೆ ಬೀಜಗಳನ್ನು ಒಯ್ದೆ. ಎರಡೇ ವಾರದಲ್ಲಿ ಅವನು ನನ್ನ ಕಾಯಿಗಳನ್ನು ಹೊಡೆಯುವುದರಲ್ಲಿ ಪಳಗಿ, ಹೊಡೆದಾಗಲೆಲ್ಲ ಗ್ರಂಥಾಲಯವೆಂಬುದನ್ನೂ ಮರೆತು ಕೂಗತೊಡಗಿದ. ಗದ್ದಲವನ್ನು ಸಹಿಸಿದ ಗ್ರಂಥಪಾಲಕಿಗೆ, ಜೋಡಿ ಹೊಂದಿಸಿ ವರ್ಷವರ್ಷವೂ ವೇಳಾಪಟ್ಟಿ ಸರಿಮಾಡಿಕೊಟ್ಟ ಶಾಲೆಯ ಸಂಯೋಜಕಿಗೆ, ಕೆಲಸದ ನಡುವೆ ಹೊರಟಾಗ ಮೀಟಿಂಗ್ ಮುಂದೂಡಿದ ನನ್ನ ಮ್ಯಾನೇಜರಿಗೆ, ಅರ್ಜಿಯ ಕಾಗದವನ್ನು ಮನೆಗೆ ತಂದು ನನ್ನ ಮುಂದಿಟ್ಟ ನನ್ನ ಹೆಂಡತಿಗೆ ಋಣಿಯಾಗಿದ್ದೇನೆ. ಹುಡುಗನಿಗೆ ಹೇಳಬೇಕಾದುದನ್ನು ಅವನಿಗೇ ಹೇಳಿದ್ದೇನೆ. ಬರುವ ಆಗಸ್ಟಿನಿಂದ ಅವನು ಸಮುದಾಯ ಕಾಲೇಜಿನಲ್ಲಿ ವೆಲ್ಡಿಂಗ್ ಕಲಿಯಲಿದ್ದಾನೆ.

ಡಾ. ಆಸ್ಬರ್ನ್, ಈ ಬರಹವನ್ನು ನೀವು ಓದಲಾರಿರಿ. ಆದ್ದರಿಂದ ಇದರ ಸಾರವನ್ನು ಇಂಗ್ಲಿಷಿನಲ್ಲಿ ಬರೆದು ಸಂಸ್ಥೆಯ ಕಚೇರಿಗೆ ಕಳುಹಿಸಿದ್ದೇನೆ. ಇನ್ನು ಲಿಂಕನ್ ಮತ್ತು ಒಮಾಹಾದಲ್ಲಿರುವ ಕನ್ನಡಿಗರಲ್ಲಿ ಒಂದು ವಿನಂತಿ: ಹೆಣ್ಣುಮಕ್ಕಳಿಗೆ ಮೆಂಟರುಗಳು ಬೇಗ ಸಿಗುತ್ತಾರೆ, ಗಂಡು ಹುಡುಗರು ಕಾಯುತ್ತಿರುತ್ತಾರೆ, ಏಕೆಂದರೆ ಗಂಡಸರು ಅರ್ಜಿ ಹಾಕುವುದು ಕಡಿಮೆ. ನಾನು ಮತ್ತೊಮ್ಮೆ ಹೆಸರು ಕೊಟ್ಟಿದ್ದೇನೆ. ತರಬೇತಿಗೆ ಒಬ್ಬನೇ ಹೋಗಲು ಸಂಕೋಚವಿರುವವರು ತಿಳಿಸಿದರೆ ಜೊತೆಗೆ ಬರುತ್ತೇನೆ.