ಹವಾಮಾನದ ಅಂಕಣದಲ್ಲಿ ಘಾಟಿ ದಾರಿಗಳಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಾಸರಗೋಡು ಆವೃತ್ತಿಯ ಒಳಪುಟದಲ್ಲಿ ದಿನವೂ ಪ್ರಕಟವಾಗುವ ಹವಾಮಾನದ ಚೌಕಟ್ಟಿನ ಬಗ್ಗೆ ಒಂದು ವಿನಂತಿಯಿದೆ. ಅದರಲ್ಲಿ ಕಾಸರಗೋಡು ಜಿಲ್ಲೆಗೆ ಯಾವ ಬಣ್ಣದ ಎಚ್ಚರಿಕೆ ಎಂಬುದೂ ಮಂಗಳೂರಿನ ಉಷ್ಣಾಂಶವೂ ಇರುತ್ತವೆ. ಅಂಗಳದಲ್ಲಿ ಅಡಿಕೆ ಹರಡಿದವರಿಗೆ ಅಷ್ಟು ಸಾಕು. ಬೆಳಗ್ಗೆ ಮನೆ ಬಿಟ್ಟು ಮಧ್ಯಾಹ್ನದೊಳಗೆ ಘಟ್ಟ ಹತ್ತುವವರಿಗೆ ಸಾಲದು ಎಂಬುದು ಕಳೆದ ಅಕ್ಟೋಬರ್ ಕೊನೆಯಲ್ಲಿ, ಸ್ವಾತಿ ಮಳೆಯ ದಿನಗಳಲ್ಲಿ, ನಮಗೆ ಚೆನ್ನಾಗಿ ಮನವರಿಕೆಯಾಯಿತು.

ಬದಿಯಡ್ಕದ ಸುತ್ತಮುತ್ತಲಿನ ಏಳು ಮಂದಿ ಆರು ಬೈಕುಗಳಲ್ಲಿ ಹಂಪಿಗೆ ಹೊರಟಿದ್ದೆವು. ಸುಳ್ಯ, ಮಡಿಕೇರಿ, ಹಾಸನ, ಚಿತ್ರದುರ್ಗದ ಮೂಲಕ ಹೋಗಿ, ಶಿವಮೊಗ್ಗ, ಆಗುಂಬೆ, ಉಡುಪಿಯ ಮೂಲಕ ಮರಳುವುದು. ಐದು ದಿನ, ಸುಮಾರು ಒಂದು ಸಾವಿರ ಕಿಲೋಮೀಟರ್. ಬೈಕುಗಳ ಗುಂಪು ಎಂದೊಡನೆ ಕರ್ಕಶ ಸೈಲೆನ್ಸರಿನ ಹುಡುಗರೇ ಹಲವರ ಕಣ್ಣೆದುರು ಬರುತ್ತಾರೆ, ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮಲ್ಲಿ ಹಿರಿಯರಿಗೆ 58 ವರ್ಷ, ಕಿರಿಯನಿಗೆ 24. ಇಬ್ಬರು ಕೃಷಿಕರು, ಒಬ್ಬರು ನಿವೃತ್ತ ಅಧ್ಯಾಪಕರು.

ಹೊರಟ ದಿನ ಕಾಸರಗೋಡಿಗೆ ಹಳದಿ ಎಚ್ಚರಿಕೆಯಿತ್ತು. ಜಿಲ್ಲೆಯ ಅಲ್ಲಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ ಬರುವ ಸಂಭವವಿದೆ ಎಂಬುದು ಅದರ ಅರ್ಥ. ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬಣ್ಣ ಹೇಳುವುದಿಲ್ಲ. ಬದಿಯಡ್ಕದಲ್ಲಿ ಕಣ್ಣು ಕುಕ್ಕುವ ಬಿಸಿಲು. ಮುಳ್ಳೇರಿಯ, ಆದೂರು, ಪಂಜಿಕಲ್ಲು ದಾಟಿ ಜಾಲ್ಸೂರು ಮುಟ್ಟುವ ತನಕವೂ ಅದೇ ಬಿಸಿಲು ಇದ್ದುದರಿಂದ ನಾಲ್ವರ ರೈನ್‌ಕೋಟು ಬ್ಯಾಗಿನ ತಳದಲ್ಲೇ ಉಳಿಯಿತು. ಸಂಪಾಜೆ ಕಳೆದು ಏರು ಆರಂಭವಾದ ಮೇಲೆ ಆದದ್ದು ಹೀಗೆ: ಮುಂದಿನ ಮೂರು ಬೈಕುಗಳು ಒಣ ರಸ್ತೆಯಲ್ಲೇ ಮೇಲಕ್ಕೆ ಹೋದವು, ಹಿಂದಿನ ಮೂವರನ್ನು ಎರಡೇ ಕಿಲೋಮೀಟರ್ ಅಂತರದಲ್ಲಿ ಮಳೆ ಹಿಡಿಯಿತು. ಅವರು ಬಸ್ ತಂಗುದಾಣವೊಂದಕ್ಕೆ ನುಗ್ಗಿ ಬ್ಯಾಗು ಬಿಚ್ಚಿದರು. ಅದನ್ನು ತಿಳಿಯದ ನಾವು ಮೇಲಿನ ತಿರುವೊಂದರಲ್ಲಿ, ಮೊಬೈಲಿಗೆ ಸಿಗ್ನಲ್ ಇಲ್ಲದ ಕಡೆ, ಬಿಸಿಲಿನಲ್ಲಿ ನಲವತ್ತು ನಿಮಿಷ ಕಾದೆವು. ಕಾದದ್ದು ಸಾಕೆಂದು ತಿರುಗಿ ಇಳಿಯುವಾಗಲೇ ನಮ್ಮ ಕಿರಿಯ ಬಿದ್ದದ್ದು. ಗುಡ್ಡದಿಂದ ಹರಿದು ಬಂದ ಕೆಮ್ಮಣ್ಣು ತಿರುವಿನ ಒಳಮಗ್ಗುಲಿಗೆ ತೆಳುವಾಗಿ ಹರಡಿತ್ತು. ದೂರಕ್ಕೆ ಅದು ಒದ್ದೆ ಡಾಂಬರಿನಂತೆಯೇ ಕಾಣುತ್ತಿತ್ತು. ಮುಂದಿನ ಚಕ್ರ ಜಾರಿ, ಬೈಕು ಒಂದು ಮಾರು ದೂರ ಮಗ್ಗುಲಲ್ಲೇ ಹೋಗಿ ನಿಂತಿತು. "ಎಂತದೂ ಆಯಿದಿಲ್ಲೆ ಭಾವ" ಎನ್ನುತ್ತ ಎದ್ದವನ ಮೊಣಕೈ ತರಚಿತ್ತು, ಕ್ಲಚ್ ಲಿವರ್ ಕೊಕ್ಕೆಯ ಹಾಗೆ ಬಾಗಿತ್ತು. ಅದು ಎಬಿಎಸ್ ಇದ್ದ ಬೈಕೇ. ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ಎಬಿಎಸ್ ನೋಡಿಕೊಳ್ಳುತ್ತದೆಯೇ ಹೊರತು, ಓರೆಯಾಗಿ ತಿರುಗುವಾಗ ಕೆಸರಿನ ಮೇಲೆ ಹೋದ ಟೈರಿಗೆ ಹಿಡಿತ ತಂದುಕೊಡಲಾರದು.

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಪಾಠ ಮಾಡಿದ ಅಧ್ಯಾಪಕರೇ, ಒದ್ದೆ ಅಂಗಿಗೆ ಗಾಳಿ ಬಡಿದಾಗ ಆ ಲೆಕ್ಕ ಯಾವುದಕ್ಕೂ ಸಾಲದು ಎಂದು ನಡುಗುತ್ತ ಹೇಳಿದರು. ಬ್ರೇಕು ಹಿಡಿಯಬೇಕಾದ ಬೆರಳುಗಳು ಮರಗಟ್ಟಿದ್ದವು. ಒಬ್ಬರು ಒಣಗಲೆಂದು ಗ್ಲೌಸನ್ನು ಬಿಸಿ ಸೈಲೆನ್ಸರಿನ ಮೇಲೆ ಇಟ್ಟು ಚಹಾಕ್ಕೆ ಹೋದರು. ಅದು ಕರಗಿ ಅಂಟಿಕೊಂಡ ವಾಸನೆಗೆ, ಹಂಪಿಯವರೆಗೂ ಆ ಬೈಕಿನ ಹಿಂದೆ ಯಾರೂ ಸವಾರಿ ಮಾಡಲು ಒಪ್ಪಲಿಲ್ಲ.

ಹಾಸನದಿಂದ ಮುಂದೆ ಮಳೆಯ ಸುಳಿವಿಲ್ಲ. ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳ ಬಳಿ ಅಡ್ಡಗಾಳಿ ಬೈಕನ್ನು ಪಕ್ಕಕ್ಕೆ ನೂಕುತ್ತಿತ್ತು, ಲಾರಿಯೊಂದನ್ನು ದಾಟಿದೊಡನೆ ಅದರ ಮರೆ ತಪ್ಪಿ ಇನ್ನೂ ಬಲವಾಗಿ ಬಡಿಯುತ್ತಿತ್ತು. ಹೊಸಪೇಟೆಯಲ್ಲಿ ಸೆಕೆ. ಚಿತ್ರದುರ್ಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿಗೂ ಕಡಿಮೆ, ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು. ನಾವು ಒಂದೆರಡು ದಿನಗಳ ಅಂತರದಲ್ಲಿ ಎರಡನ್ನೂ ಹಾದುಹೋದವರು.

ತೀರ್ಥಹಳ್ಳಿಯಲ್ಲಿ ಮೊಬೈಲು ತೆರೆದಾಗ ನಮಗೆ ಕಂಡದ್ದು ನಮ್ಮ ಊರಿನ ಹವಾಮಾನದ ಪುಟ. ಕಾಸರಗೋಡಿಗೆ ಎಚ್ಚರಿಕೆ ಏನೂ ಇರಲಿಲ್ಲ. ಆಗುಂಬೆ ತಲುಪುವಾಗ ಮೂರು ಗಂಟೆ. ಆಕಾಶ ಒಮ್ಮೆಲೇ ಕಪ್ಪಾಗಿ ಗುಡುಗತೊಡಗಿತು. "ಇದು ಗುಡುಗಿನ ಮಳೆ, ಕೂತ್ಕೊಳ್ಳಿ" ಎಂದು ಹೋಟೆಲಿನವರು ಬೆಂಚು ತೋರಿಸಿದ್ದರಿಂದ ಎರಡು ಗಂಟೆ ಅಲ್ಲೇ ಉಳಿದೆವು. ಅಕ್ಟೋಬರ್–ನವೆಂಬರಿನ ತುಲಾಮಾಸದ ಮಳೆಗಾಲದಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಸಿಡಿಲಿನ ಬಗ್ಗೆ ಎಚ್ಚರವಿರಲಿ ಎಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುತ್ತದೆ. ಬೈಕಿನ ಮೇಲೆ ಕುಳಿತವನಿಗೆ ಕಾರಿನಲ್ಲಿರುವವನ ಹಾಗೆ ಲೋಹದ ಕವಚವಿಲ್ಲ, ಮರದಡಿ ನಿಲ್ಲುವುದಂತೂ ಕೂಡದು. ಆಮೇಲೆ ಹದಿನಾಲ್ಕು ತಿರುವುಗಳನ್ನು ಮಂಜಿನಲ್ಲಿ ಲೋ ಬೀಮ್ ಹಾಕಿಕೊಂಡು, ಒಬ್ಬರ ಹಿಂಬದಿಯ ದೀಪ ಇನ್ನೊಬ್ಬರಿಗೆ ಕಾಣುವಷ್ಟೇ ಅಂತರದಲ್ಲಿ ಇಳಿದೆವು. ಆ ಹೋಟೆಲಿನವರು ಹೇಳಿದ ಒಂದು ಮಾತು ಐದು ದಿನಗಳಲ್ಲಿ ನಮಗೆ ಸಿಕ್ಕ ಅತ್ಯುತ್ತಮ ಮುನ್ಸೂಚನೆ.

ಈಗ ವಿನಂತಿಗೆ ಬರುತ್ತೇನೆ. ಕೇರಳದ ಮುನ್ಸೂಚನೆ ಹೊರಡುವುದು ತಿರುವನಂತಪುರದ ಹವಾಮಾನ ಕೇಂದ್ರದಿಂದ, ಕರ್ನಾಟಕದ್ದು ಬೆಂಗಳೂರಿನ ಕೇಂದ್ರದಿಂದ. ಗಡಿಯಲ್ಲಿರುವ ನಮ್ಮ ದಾರಿಗಳು ಒಂದು ಗಂಟೆಯೊಳಗೆ ಎರಡನ್ನೂ ದಾಟುತ್ತವೆ. ಸಂಪಾಜೆ ಎಂಬ ಹೆಸರಿನ ಊರೇ ಒಂದು ದಕ್ಷಿಣ ಕನ್ನಡದಲ್ಲಿದೆ, ಇನ್ನೊಂದು ಕೊಡಗಿನಲ್ಲಿದೆ. ಒಂದು ಜಿಲ್ಲೆಯ ಮಾತು ಕಡಲತೀರವನ್ನೂ ಇನ್ನೊಂದರ ಮಾತು ಮಡಿಕೇರಿಯನ್ನೂ ನೆನೆದು ಹೇಳಿದಂತಿರುತ್ತದೆ, ನಡುವಿನ ಘಾಟಿ ಎರಡರಿಂದಲೂ ತಪ್ಪಿಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜರಿದು ರಸ್ತೆ ಮುಚ್ಚಿದ್ದು ಇದೇ ಘಾಟಿಯಲ್ಲಿ.

ಮಾಹಿತಿ ಇಲ್ಲವೆಂದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯತಿ ಮಟ್ಟದಲ್ಲೇ ಇವೆ. ಜೂನ್‌ನಿಂದ ನವೆಂಬರ್‌ವರೆಗೆ ಸಂಪಾಜೆ, ಪಾಣತ್ತೂರು–ಭಾಗಮಂಡಲ, ಶಿರಾಡಿ, ಚಾರ್ಮಾಡಿ, ಆಗುಂಬೆ ದಾರಿಗಳಿಗೆ ಒಂದೊಂದು ಸಾಲಿನಂತೆ, ಹಿಂದಿನ ದಿನ ಬೆಳಗ್ಗೆ 8.30ರವರೆಗೆ ಬಿದ್ದ ಮಳೆ ಎಷ್ಟು, ರಸ್ತೆ ತೆರೆದಿದೆಯೇ, ಮಣ್ಣು ಬಿದ್ದಿದೆಯೇ, ಘನ ವಾಹನಗಳಿಗೆ ತಡೆಯಿದೆಯೇ ಎಂಬಷ್ಟನ್ನು ಪ್ರಕಟಿಸಬಹುದಲ್ಲವೇ? ಓದುಗರ ಕೈ ಸೇರುವ ಹೊತ್ತಿಗೆ ಆ ಅಂಕಿ ಒಂದು ದಿನ ಹಳೆಯದಾಗಿರುತ್ತದೆ, ನಿಜ. ಆದರೂ ಗುಡ್ಡ ಎಷ್ಟು ನೆನೆದಿದೆ ಎಂಬುದು ಅದರಿಂದ ತಿಳಿಯುತ್ತದೆ, ಜಿಲ್ಲೆಯ ಬಣ್ಣದಿಂದ ತಿಳಿಯುವುದಿಲ್ಲ.

ಇದನ್ನು ಕನ್ನಡ ಪತ್ರಿಕೆಯಲ್ಲೇ ಕೇಳುವುದಕ್ಕೆ ಕಾರಣವಿದೆ. ನಮಗೆ ತಲುಪುವ ಎಚ್ಚರಿಕೆಯ ಸಂದೇಶಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಗುಂಪಿನ ಇಬ್ಬರಿಗೆ ಆ ಲಿಪಿ ಬಾರದು, ಹೊರಡುವ ದಿನ ಅವರು ಸಂದೇಶವನ್ನು ಪಕ್ಕದವರಿಂದ ಓದಿಸಿಕೊಂಡಿದ್ದರು. ಸುಳ್ಯದ ಕಾಲೇಜುಗಳಿಗೂ ಆಸ್ಪತ್ರೆಗಳಿಗೂ ದಿನವೂ ದ್ವಿಚಕ್ರ ವಾಹನದಲ್ಲಿ ಹೋಗುವ ನೂರಾರು ಮಂದಿಯ ಪಾಡೂ ಇದೇ.

ನಮ್ಮ ಏಳು ಮಂದಿಯಲ್ಲಿ ಇಬ್ಬರು ವ್ಯಾಪಾರಕ್ಕಾಗಿ ವಾರಕ್ಕೆ ಮೂರು ಬಾರಿ ಸುಳ್ಯಕ್ಕೆ ಹೋಗಿ ಬರುವವರು. ಅವರ ದಾರಿಯಲ್ಲಿರುವ ಚೆರ್ಕಳ–ಜಾಲ್ಸೂರು ರಸ್ತೆಯ ಸ್ಥಿತಿಯನ್ನು, ತಮ್ಮ ಪುಟ ಅಚ್ಚಿಗೆ ಹೋಗುವ ಮೊದಲು, ಸಂಜೆ ಏಳರೊಳಗೆ ಬದಿಯಡ್ಕದ ವರದಿಗಾರರಿಗೆ ಫೋನಿನಲ್ಲಿ ತಿಳಿಸಲು ಅವರು ಒಪ್ಪಿದ್ದಾರೆ. ಮುಂದಿನ ಜೂನ್‌ನಿಂದಲೇ ಆರಂಭಿಸುವುದಾದರೆ ದಯವಿಟ್ಟು ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಚಂದಾದಾರ
ಬದಿಯಡ್ಕ, ಕಾಸರಗೋಡು ಜಿಲ್ಲೆ