ಅರ್ಧ ಸೀರೆಯ ಋಣ

ಕಳೆದ ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ನನ್ನ ಕಾದಂಬರಿ ಬಿಡುಗಡೆ ಆಯಿತು. "ಟೀಚರ್, ಎರಡು ಮಾತು ಆಡಿ" ಅಂದರು. ಎದ್ದು ನಿಂತೆ, ಚೀಟಿ ತೆಗೆದೆ, ಮೂರನೇ ಹೆಸರಿಗೆ ಬರುವಷ್ಟರಲ್ಲಿ ಗಂಟಲು ಕಟ್ಟಿತು. "ಎಲ್ಲರಿಗೂ ಥ್ಯಾಂಕ್ಸ್" ಅಂದು ಕೂತುಬಿಟ್ಟೆ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಮಕ್ಕಳ ಮೇಲೆ ಕೂಗಾಡಿದ ಬಾಯಿ ಇದು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಮೊದಲು ಉತ್ತರ. ನಮ್ಮವರು ಚೆನ್ನಾಗಿದ್ದಾರೆ. ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು ನಡೆಯುತ್ತಾರೆ, ಸಾರಿಗೆ ಉಪ್ಪಿಲ್ಲ ಅಂತ ದಿನಾ ಗೊಣಗುತ್ತಾರೆ. ಜುಲೈ ತಿಂಗಳಲ್ಲಿ ಅವರು ಆಸ್ಪತ್ರೆ ಸೇರಿದಾಗ ಏನಾಯಿತು ಅಂತ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಬಿಡಿಸಿ ಹೇಳುವ ಶಕ್ತಿ ನನಗಿಲ್ಲ.

ರಕ್ತ ಕೊಟ್ಟ ಹುಡುಗರಿಗೆ, ನನ್ನ ಪೀರಿಯಡ್‌ಗಳನ್ನೆಲ್ಲ ಹಂಚಿಕೊಂಡ ಸಹೋದ್ಯೋಗಿಗಳಿಗೆ, ಹದಿನೇಳು ದಿನ ಸರದಿಯ ಮೇಲೆ ಕ್ಯಾರಿಯರ್ ಕಳಿಸಿದ ಬೀದಿಯವರಿಗೆ, ಬಾಡಿಗೆ ತೆಗೆದುಕೊಳ್ಳದ ಆಟೋದವರಿಗೆ, ಜಪಸರ ಹೇಳಿಸಿದ ಅಮ್ಮಂದಿರಿಗೆ, ಕೆಟ್ಟ ಕೈಬರಹವನ್ನು ಟೈಪ್ ಮಾಡಿ ಕಣ್ಣು ಕೆಂಪು ಮಾಡಿಕೊಂಡ ಡಿಟಿಪಿ ಹುಡುಗಿಗೆ ಕೈಮುಗಿಯುತ್ತೇನೆ. ಒಂದೇ ವಾಕ್ಯಕ್ಕೆ ತುರುಕಿದ್ದೀನಿ ಅಂತ ಬೇಜಾರು ಮಾಡ್ಕೋಬೇಡಿ.

ಈಗ ಪುಸ್ತಕದ ಮಾತು. ಓದಿದವರಲ್ಲಿ ಅರ್ಧ ಜನ ಫೋನ್ ಮಾಡಿ, "ಅದು ಶೆಟ್ಟಿಹಳ್ಳಿ ಚರ್ಚೇ ತಾನೆ?" ಅಂತ ಕೇಳಿದರು. ಅಲ್ಲ. ನನ್ನ ಕಥೆಯ ಊರು ಯಾವ ನಕ್ಷೆಯಲ್ಲೂ ಇಲ್ಲ. ಆದರೆ ಹಾಸನದ ಕ್ರೈಸ್ತರು ಮುಳುಗಿದ ಊರಿನ ಕಥೆ ಬರೆಯಲು ಕೂತರೆ ಶೆಟ್ಟಿಹಳ್ಳಿ ಕಣ್ಣ ಮುಂದೆ ಬರದೆ ಇರುತ್ತದೆಯೇ? 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ. ಗೊರೂರು ಅಣೆಕಟ್ಟು ಬಂದು ಊರು ಎದ್ದು ಹೋಯಿತು, ಗೋಡೆಗಳು ಮಾತ್ರ ನಿಂತವು. ಈಗಲೂ ಮಳೆಗಾಲದಲ್ಲಿ ಮುಳುಗುತ್ತವೆ, ಬೇಸಿಗೆಯಲ್ಲಿ ಏಳುತ್ತವೆ. ಮದುವೆ ಫೋಟೋ ತೆಗೆಸಿಕೊಳ್ಳುವವರಿಗೆ ಅದು ಚೆಂದದ ಜಾಗ. ಎದ್ದು ಹೋದವರ ಮೊಮ್ಮಕ್ಕಳಿಗೆ ಬೇರೆ ಏನೋ.

ಹಿನ್ನೀರಿನಲ್ಲಿ ಮೀನು ಹಿಡಿಯುವ ಅಣ್ಣ ಒಬ್ಬರು ಎರಡು ಸಲ ನನ್ನನ್ನು ತೆಪ್ಪದಲ್ಲಿ ಕರೆದುಕೊಂಡು ಹೋದರು. ದುಡ್ಡು ಕೊಡಲು ಹೋದರೆ, "ನನ್ ಬಲೆ ಇರೋದೂ ಆ ಕಡೇನೇ ಕಣಮ್ಮ" ಅಂದರು. ಪೇಪರಿನ ಮೂಲೆಯಲ್ಲಿ ಬರುವ ಜಲಾಶಯದ ಮಟ್ಟ ಓದಲು ಕಲಿಸಿದವರು ಅವರೇ. ಸಮುದ್ರ ಮಟ್ಟದಿಂದ ಲೆಕ್ಕ, ಗರಿಷ್ಠ 2922 ಅಡಿ. ನನ್ನ ಕಥೆಯಲ್ಲಿ ಕಬ್ಬಿಣದ ಪೆಟ್ಟಿಗೆ ಯಾವ ತಿಂಗಳು ನೀರಿನಿಂದ ಮೇಲೆ ಬರಬೇಕು ಅನ್ನುವುದನ್ನು ತೀರ್ಮಾನಿಸಿದ್ದು ಆ ಲೆಕ್ಕ.

ನಮ್ಮ ಚರ್ಚಿನ ಪಾದ್ರಿ ಸ್ವಾಮಿಗಳಿಗೂ ಒಬ್ಬ ವಯಸ್ಸಾದ ಸಿಸ್ಟರ್‌ಗೂ ಋಣಿ. ಹಳೆಯ ಜ್ಞಾನಸ್ನಾನದ (ಬ್ಯಾಪ್ಟಿಸಂನ) ದಾಖಲೆ ಪುಸ್ತಕ ಕೇಳಿದಾಗ ಸ್ವಾಮಿಗಳು, "ಪುಸ್ತಕ ಕೈಗೆ ಕೊಡಲ್ಲಮ್ಮ, ಅದರಲ್ಲಿ ಜನರ ಬದುಕಿದೆ. ಹೇಗೆ ಬರೀತಿದ್ರು ಅಂತ ಬೇಕಾದ್ರೆ ಹೇಳಿಸ್ತೀನಿ" ಅಂದರು. ಲ್ಯಾಟಿನ್ ಬಲ್ಲ ಸಿಸ್ಟರ್ ಖಾಲಿ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು: ಇಲ್ಲಿ ಮಗುವಿನ ಹೆಸರು, ಇಲ್ಲಿ ತಂದೆತಾಯಿ, ಇಲ್ಲಿ ಜ್ಞಾನತಂದೆ, ಜ್ಞಾನತಾಯಿ. ಆಮೇಲೆ ಪಕ್ಕದಲ್ಲಿ ಬಿಟ್ಟ ಅಂಚನ್ನು ಬೆರಳಿನಿಂದ ಸವರಿ, "ನಿನ್ನ ಪತ್ತೇದಾರಿ ಇರೋದು ಇಲ್ಲಿ" ಅಂದರು. ಮಗು ದೊಡ್ಡದಾಗಿ ಎಲ್ಲೇ ಮದುವೆಯಾದರೂ ಆ ಸುದ್ದಿ ಜ್ಞಾನಸ್ನಾನ ಆದ ಚರ್ಚಿಗೆ ಬರಬೇಕು, ಈ ಅಂಚಿನಲ್ಲಿ ದಾಖಲಾಗಬೇಕು. 1908ರಿಂದ ನಡೆದು ಬಂದ ಕಟ್ಟಳೆ. ಎಚ್‌ಆರ್‌ಪಿ (ಗೊರೂರು ಅಣೆಕಟ್ಟಿನ ಹೇಮಾವತಿ ಜಲಾಶಯ ಯೋಜನೆಯಲ್ಲಿ ಊರು ಬಿಟ್ಟವರಿಗೆ ಕೊಟ್ಟ) ಜಮೀನಿಗಾಗಿ ಕಾಗದದ ಮೇಲೆ ಸಾಯಿಸಿದ ಒಬ್ಬ ಹೆಣ್ಣುಮಗಳು ಆ ಅಂಚಿನ ಒಂದು ಸಾಲಿನಿಂದ ಬದುಕಿ ಬರುವುದು ನನ್ನ ಕಥೆಯ ಇವತ್ತಿನ ಭಾಗ.

ಹಿಂದಿನ ಕಾಲದ ಭಾಗಕ್ಕೂ ಸಿಸ್ಟರೇ ಕೀಲಿ ಕೊಟ್ಟರು. (ಇನ್ನೂ ಓದದವರು ಈ ಪ್ಯಾರಾ ಹಾರಿಸಿ.) ಯಾರೋ ಬಿಟ್ಟು ಹೋದ ಕೂಸು ಸಿಕ್ಕರೆ ಅದಕ್ಕೆ ಮೊದಲೇ ಜ್ಞಾನಸ್ನಾನ ಆಗಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಹಾಗಾಗಿ "ಆಗಿರದಿದ್ದರೆ" ಅನ್ನುವ ಷರತ್ತಿನ ಮೇಲೆ ಕೊಡುತ್ತಿದ್ದರು. ದಾಖಲೆಯಲ್ಲಿ 'ಸುಬ್ ಕೊಂಡಿತ್ಸಿಯೋನೆ' ಅಂತ ಎರಡು ಪದ ಬೀಳಬೇಕು. ನನ್ನ ಕಥೆಯಲ್ಲಿ 1961ರ ಒಂದು ಕೂಸಿನ ಸಾಲಿನಲ್ಲಿ ಆ ಎರಡು ಪದ ಇಲ್ಲ. ಅಂದರೆ ಬರೆದ ಸ್ವಾಮಿಗಳಿಗೆ ತಾಯಿ ಯಾರೆಂದು ಗೊತ್ತಿತ್ತು. ಹೇಗೆ ಗೊತ್ತಾಯಿತು? ಕಣ್ಣಾರೆ ಕಂಡರೋ, ಪಾಪನಿವೇದನೆಯಲ್ಲಿ ಕೇಳಿದರೋ? ಅಲ್ಲಿ ಕೇಳಿದ್ದನ್ನು ಸ್ವಾಮಿಗಳು ಯಾರಿಗೂ ಹೇಳುವಂತಿಲ್ಲ, ಹೇಳಿಕೊಂಡವರಿಗೆ ತೊಂದರೆ ಆಗುವ ಹಾಗೆ ಬಳಸುವಂತೆಯೂ ಇಲ್ಲ. "ಕ್ರೈಸ್ತ ಕಾದಂಬರಿಯಲ್ಲಿ ಕೊಲೆ ಯಾಕೆ ಬೇಕಿತ್ತು ಟೀಚರ್?" ಅಂತ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಕೊಲೆ ಯಾವ ಕಾದಂಬರಿಯಲ್ಲಾದರೂ ಇರಬಹುದು, ಸತ್ಯ ಗೊತ್ತಿದ್ದೂ ಬಾಯಿ ಕಟ್ಟಿಕೊಂಡು ಮೂವತ್ತು ವರ್ಷ ಪೂಜೆ ಮಾಡುವವನ ಸಂಕಟ ನಮ್ಮ ಮನೆಯದು.

ತಪ್ಪು ತಿದ್ದಿದವರೂ ಇದ್ದಾರೆ. ಕಥೆಯಲ್ಲಿ ಅದೇ 1961ರಲ್ಲಿ ಬರುವ ಒಂದು ಪತ್ರವನ್ನು ನಾನು ಚಿಕ್ಕಮಗಳೂರಿನ ಬಿಷಪ್ಪರಿಗೆ ಬರೆಸಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಪೆನ್ಸಿಲಿನಲ್ಲಿ ಸುತ್ತು ಹಾಕಿ, "ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದದ್ದು 1963ರಲ್ಲಿ. ಅಲ್ಲಿವರೆಗೆ ನಾವು ಮೈಸೂರಿನವರು" ಅಂತ ಬರೆದು ಕಳಿಸಿದರು. ಕರಡು ಓದಿದ ಗೆಳತಿ ಇನ್ನೂ ಕಠಿಣ. ಸಾತಳ್ಳಿಯಲ್ಲಿ ಜನರನ್ನು ನೆಲೆ ನಿಲ್ಲಿಸಿ, ಸಿಡುಬಿಗೆ ಚುಚ್ಚುಮದ್ದು ಹಾಕಿಸಿ, 1823ರಲ್ಲಿ ಫ್ರಾನ್ಸಿಗೆ ಮರಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಅವರ ಮೇಲೆ ಇಡೀ ಅಧ್ಯಾಯ ಬರೆದಿದ್ದೆ. "ಇದು ಕಾದಂಬರಿನೋ ಕೆಎಎಸ್ ನೋಟ್ಸೋ?" ಅಂತ ಕೇಳಿ ಇಪ್ಪತ್ತೆರಡು ಪುಟ ಕಿತ್ತಳು. ಇನ್ನೂ ಹೊಟ್ಟೆ ಉರಿಯುತ್ತದೆ. ಅವಳು ಹೇಳಿದ್ದು ಸರಿ.

ಇನ್ನು ಉಳಿದವಳು ನನ್ನ ನಾದಿನಿ. "ಹೆಸರು ಹಾಕಬೇಡಿ ಅತ್ತಿಗೆ, ಹಾಕಿದ್ರೆ ತೋಟದ ಲೈನ್ ಮನೆಯೋರಿಗೆಲ್ಲ ಉತ್ತರ ಹೇಳೋಳು ನಾನು" ಅಂದಿದ್ದಾಳೆ. ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಅವಳ ಗಂಡ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು. ಮನೆ ಪಾಲಿನ ವಿಷಯಕ್ಕೆ ಮಾತು ಬಂದು ಎಂಟು ವರ್ಷ ನಾವಿಬ್ಬರೂ ಒಬ್ಬರ ಹೊಸಿಲು ಒಬ್ಬರು ತುಳಿದಿರಲಿಲ್ಲ. ಅಣ್ಣ ತಂಗಿ ಕದ್ದು ಫೋನಿನಲ್ಲಿ ಮಾತಾಡುತ್ತಿದ್ದರು. ನನಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆ.

ಜುಲೈನ ಆ ರಾತ್ರಿ ಪುಷ್ಯ ಮಳೆ ಹಿಡಿದು ಹೊಯ್ಯುತ್ತಿತ್ತು. ಡಾಕ್ಟರು, "ಬೆಳಗಿನ ತನಕ ಏನೂ ಹೇಳಕ್ಕಾಗಲ್ಲಮ್ಮ" ಅಂದು ಹೋದರು. ಐಸಿಯು ಮುಂದಿನ ಸ್ಟೀಲ್ ಕುರ್ಚಿಯಲ್ಲಿ ನಾನೊಬ್ಬಳೇ. ಮಗ ಬೆಂಗಳೂರಿನಿಂದ ಹೊರಟಿದ್ದ. ಒಂಬತ್ತೂವರೆ ಸುಮಾರಿಗೆ ಮೆಟ್ಟಿಲು ಹತ್ತಿ ಬಂದಳು. ಕೊನೇ ಬಸ್ಸಿಗೆ ಬಂದಿದ್ದಾಳೆ, ಮಂಡಿಯ ತನಕ ಸೀರೆ ನೆಂದಿದೆ. ಹೇಗಿದ್ದೀರಿ ಅಂತಲೂ ಕೇಳಲಿಲ್ಲ. ಕೊಡೆಯನ್ನು ಕಿಟಕಿಯ ಸರಳಿಗೆ ನೇತು ಹಾಕಿದಳು, ನೆಲ ಒದ್ದೆಯಾಗಿ ಯಾರಾದರೂ ಜಾರಿಯಾರು ಅಂತ ಅದರ ಕೆಳಗೆ ಫ್ಲಾಸ್ಕಿನ ಮುಚ್ಚಳ ಇಟ್ಟಳು. ಪೇಪರಿನಲ್ಲಿ ಸುತ್ತಿದ ಅಕ್ಕಿ ರೊಟ್ಟಿ ಬಿಚ್ಚಿ, "ತಿನ್ನಿ" ಅಂದಳು.

ತಿಂದೆ. ಎಂಟು ವರ್ಷದ ಮೇಲೆ ಅವಳ ಕೈಯ ರೊಟ್ಟಿ. ಉಪ್ಪು ಹೆಚ್ಚಾಗಿತ್ತು.

ಕೊಡೆಯ ನೀರು ಮುಚ್ಚಳಕ್ಕೆ ಟಪ್ ಟಪ್ ಅಂತ ಬೀಳುತ್ತಿತ್ತು. ಹನ್ನೆರಡರ ಹೊತ್ತಿಗೆ ನಾನು ಜಪಸರ ಹಿಡಿದು "ನಮೋ ಮರಿಯಾ" ಶುರು ಮಾಡಿದರೆ ಅರ್ಧಕ್ಕೇ ಮಾತು ಮರೆತುಹೋಗುತ್ತಿತ್ತು. ಏಳನೇ ವಯಸ್ಸಿನಿಂದ ಹೇಳಿದ ಜಪ. ಅವಳು ಜಪಸರವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, "ಇದು ನಾನು ಹೇಳ್ಕೋತೀನಿ ಬಿಡಿ. ನೀವೇನೋ ಕಥೆ ಬರೀತಿದ್ದೀರಂತಲ್ಲ, ಅಣ್ಣ ಹೇಳ್ತಿದ್ದ. ಅದನ್ನ ಹೇಳಿ. ಇಬ್ರಿಗೂ ನಿದ್ದೆ ಬರಬಾರದು" ಅಂದಳು.

ಅವಳು ಕಾದಂಬರಿ ಓದುವವಳಲ್ಲ. ತೋಟದ ಲೆಕ್ಕದ ಪುಸ್ತಕ ಬಿಟ್ಟರೆ ಬೈಬಲ್ಲು. ಹೇಳುತ್ತಾ ಹೋದೆ: ಮುಳುಗಿದ ಊರು, ಸೂಲಗಿತ್ತಿ, ಪೆಟ್ಟಿಗೆ, ಸ್ವಾಮಿಗಳು. ಆಗ ನನ್ನ ಕರಡಿನಲ್ಲಿ ತಾಯಿ ಕೂಸನ್ನು ಹೊಸ ಕಂಬಳಿಯಲ್ಲಿ ಸುತ್ತಿ ಚರ್ಚಿನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದಳು. ಅಲ್ಲಿಗೆ ಬಂದಾಗ ತಡೆದಳು.

"ಹೊಸ ಬಟ್ಟೇಲಿ ಯಾವ ತಾಯಿ ಸುತ್ತುತಾಳೆ ಅತ್ತಿಗೆ? ಹೊಸದು ಚುಚ್ಚುತ್ತೆ. ಹಳೇ ಸೀರೆ ಮೆತ್ತಗಿರುತ್ತೆ."

"ಸರಿ, ಬದಲಾಯಿಸ್ತೀನಿ."

"ಇಡೀ ಸೀರೆ ಕೊಡಲ್ಲ. ಅರ್ಧ ಹರಿದು ತನ್ನತ್ರ ಇಟ್ಕೋತಾಳೆ."

"ಯಾಕೆ?"

ಸ್ವಲ್ಪ ಹೊತ್ತು ಜಪಸರದ ಮಣಿ ತಿರುಗಿಸಿದಳು. "ನಾನು ಇಟ್ಕೊಂಡಿದೀನಲ್ಲ, ಅದಕ್ಕೇ."

ಹದಿಮೂರು ವರ್ಷದ ಹಿಂದೆ ಅವಳ ಕೂಸು ಮೂರನೇ ದಿನಕ್ಕೆ ಹೋಯಿತು. ಹಳೇ ಸೀರೆಯ ಅರ್ಧದಲ್ಲಿ ಸುತ್ತಿ ಮಣ್ಣು ಮಾಡಿದರಂತೆ. ಇನ್ನರ್ಧ ಅವಳ ಟ್ರಂಕಿನ ತಳದಲ್ಲಿದೆ. ಗಂಡನಿಗೂ ಗೊತ್ತಿಲ್ಲ ಅಂದುಕೊಂಡಿದ್ದಳು, ಆಮೇಲೆ ನೋಡಿದರೆ ವರ್ಷವರ್ಷ ಅದಕ್ಕೆ ನುಸಿಗುಳಿಗೆ ಹಾಕುತ್ತಿದ್ದುದು ಅವನೇ.

ಆ ಮಣ್ಣಿಗೆ ನಾನು ಹೋಗಿರಲಿಲ್ಲ. ಎಸ್ಎಸ್ಎಲ್‌ಸಿ ಮೌಲ್ಯಮಾಪನದ ಡ್ಯೂಟಿ ಇದೆ ಅಂತ ನಮ್ಮವರ ಕೈಲಿ ಐನೂರು ರೂಪಾಯಿ ಕಳಿಸಿದ್ದೆ. ಡ್ಯೂಟಿ ಇದ್ದದ್ದು ನಿಜ. ಕೇಳಿದ್ದರೆ ಒಂದು ದಿನ ಬಿಡುತ್ತಿದ್ದರು ಅನ್ನುವುದೂ ನಿಜ. ನಾನು ಕೇಳಲಿಲ್ಲ. ಕಲ್ಪನೆಯ ಕೂಸಿಗಾಗಿ ಆರು ವರ್ಷ ಕಣ್ಣೀರು ಹಾಕುತ್ತಾ ಕೂತಿದ್ದವಳು, ನಮ್ಮ ಮನೆಯದೇ ಕೂಸಿನ ಮಣ್ಣಿಗೆ ಹೋಗಿರಲಿಲ್ಲ. ಪಾಲಿನ ಜಗಳದಿಂದ ಮಾತು ಬಿಟ್ಟೆವು ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಜಗಳಕ್ಕೂ ಐದು ವರ್ಷ ಮುಂಚೆಯೇ ನಾನು ಅವಳನ್ನು ಬಿಟ್ಟಿದ್ದೆ.

"ಆವತ್ತು ಬರಬೇಕಿತ್ತು ನಾನು" ಅಂದೆ.

"ಬರಬೇಕಿತ್ತು" ಅಂದಳು. ಪರವಾಗಿಲ್ಲ ಅನ್ನಲಿಲ್ಲ. ಅದಕ್ಕೂ ಅವಳಿಗೆ ಋಣಿ. ಆಮೇಲೆ, "ಹೂಂ, ಪೆಟ್ಟಿಗೇಲಿ ಏನಿತ್ತು, ಹೇಳಿ" ಅಂದಳು.

ನಾಲ್ಕು ಗಂಟೆಗೆ ಮಳೆ ನಿಂತಿತು. ಕೊಡೆಯಿಂದ ಹನಿ ಬೀಳುವುದೂ ನಿಂತಿತ್ತು. ಐದೂಮುಕ್ಕಾಲಿಗೆ ನರ್ಸ್ ಬಂದು, "ಪೇಷೆಂಟ್ ಕಣ್ಣು ಬಿಟ್ಟಿದ್ದಾರೆ, ಒಬ್ಬರು ಬನ್ನಿ" ಅಂದರು. ನಾನು ಎದ್ದೆ, ಕಾಲು ಜೋಮು ಹಿಡಿದು ಅಲ್ಲೇ ಕೂತೆ. "ನೀನು ಹೋಗು" ಅಂದೆ. ಅವಳು ಹೋದಳು. ಅಣ್ಣನನ್ನು ನೋಡಿ ಬಂದು ಮುಚ್ಚಳದ ನೀರು ಚೆಲ್ಲಿ, ಒರೆಸಿ, ಫ್ಲಾಸ್ಕಿಗೆ ಹಾಕಿ, ಏಳೂವರೆ ಬಸ್ಸಿಗೆ ಹೊರಟಳು. ತೋಟದಲ್ಲಿ ಬಟವಾಡೆ ದಿನ, ಗಂಡನಿಗೆ ಬುತ್ತಿ ಕಟ್ಟಬೇಕು ಅಂದಳು.

ಕೊನೆಯ ನಾಲ್ಕು ಅಧ್ಯಾಯ ಹರಿದು ಹಾಕಿ ಮತ್ತೆ ಬರೆದೆ. ಸೂಲಗಿತ್ತಿಯ ಟ್ರಂಕಿನ ತಳದಲ್ಲಿ ಅರ್ಧ ಸೀರೆ ಸಿಗುವಲ್ಲಿ ಕಥೆಯ ಹಿಂದೂ ಮುಂದೂ ಕೂಡುತ್ತದೆ. "ಆ ಜಾಗ ಓದುವಾಗ ಮೈ ಜುಮ್ ಅಂತು" ಅಂತ ನಿಮ್ಮಲ್ಲಿ ಎಷ್ಟೋ ಜನ ಹೇಳಿದಿರಿ. ಅದು ನನಗೆ ಹೊಳೆದದ್ದಲ್ಲ ಅಂತ ತಿಳಿಸುವುದಕ್ಕೇ ಇಷ್ಟೆಲ್ಲ ಬರೆದೆ. ಬರೆಯುವ ಮುಂಚೆ ಅವಳನ್ನು ಕೇಳಿದ್ದೇನೆ, ಕಥೆಗೂ, ಈ ಬರಹಕ್ಕೂ.

ಭಾನುವಾರ ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ಪುಸ್ತಕ ಕೈಗೆ ಕೊಟ್ಟು ಆ ಪುಟ ತೆಗೆದು ತೋರಿಸಿದೆ. ಬೆರಳಿಟ್ಟು ನಿಧಾನ ಓದಿದಳು.

"ಹಸಿರು ಸೀರೆ ಅಂತ ಹಾಕಿದ್ದೀರ. ನಂದು ಹಸಿರಲ್ಲವಲ್ಲ."

"ಗೊತ್ತು. ಬೇಕಂತಲೇ ಬದಲಾಯಿಸಿದೆ."

"ಹೂಂ." ಪುಸ್ತಕ ಮುಚ್ಚಿದಳು. "ಇನ್ನೂ ಎರಡು ಕೊಡಿ, ತೋಟದಲ್ಲಿ ಓದೋರಿದ್ದಾರೆ." ಬೇಡ ಅಂದರೂ ಕೇಳದೆ ಸೊಂಟದ ಚೀಲದಿಂದ ದುಡ್ಡು ತೆಗೆದು ಎಣಿಸಿದಳು. ಮೂರು ಪುಸ್ತಕಕ್ಕೆ ಎಂಟುನೂರ ನಲವತ್ತಾಗಬೇಕು. ಎಂಟುನೂರು ಇಟ್ಟಳು.

"ನಲವತ್ತು ಕಮ್ಮಿ ಇದೆಯಲ್ಲೇ" ಅಂದೆ.

"ರೊಟ್ಟಿ ತಿಂದಿದ್ರಲ್ಲ ಅತ್ತಿಗೆ, ಅದರ ಲೆಕ್ಕ" ಅಂದು ಬಸ್ ಸ್ಟ್ಯಾಂಡ್ ಕಡೆ ನಡೆದಳು.